ಹಣೆಯ ಚರ್ಮ ಮೂಗಾದ ಕಥೆ: ಶ್ರೀರಂಗಪಟ್ಟಣದ ಯುದ್ಧದಿಂದ ಕಾಪುವಿನ ಜಗಲಿಯವರೆಗೆ

(ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ. ಮಾತಿನ ಧಾಟಿಯನ್ನು ಹಾಗೇ ಉಳಿಸಿಕೊಂಡಿದ್ದೇವೆ.)

ಊಟ ಮಾಡ್ತಾ ಕೇಳ್ತಿದ್ದರೆ ಈ ಸಂಚಿಕೆ ಒಂದು ಅರ್ಧ ಗಂಟೆ ಬಿಟ್ಟು ಕೇಳಿ. ಹೆದರಿಸೋಕೆ ಅಲ್ಲ. ಸ್ವಲ್ಪ ರಕ್ತ, ಸ್ವಲ್ಪ ಚರ್ಮ, ಒಂದು ಕಡೆ ಜಿಗಣೆ ಕೂಡ ಬರುತ್ತೆ, ಅದಕ್ಕೆ.

ಇವತ್ತಿನ ವಿಷಯ ಮೂಗು. ನಮ್ಮ ಭಾಷೆಯಲ್ಲಿ ಮೂಗಿಗೆ ಇರೋ ಕೆಲಸ ನೋಡಿ. ಬೇಡದಲ್ಲಿ ಮೂಗು ತೂರಿಸ್ತೇವೆ, ಇಷ್ಟ ಆಗದಿದ್ದರೆ ಮೂಗು ಮುರಿತೇವೆ, ಕೋಪ ಮೂಗಿನ ತುದಿಯಲ್ಲೇ ಇರುತ್ತೆ, ರಾಜಕಾರಣಿಗಳು ನಮ್ಮ ಮೂಗಿಗೆ ತುಪ್ಪ ಸವರ್ತಾರೆ. ಮೂಗಿಗಿಂತ ಮೂಗುತಿ ಭಾರ ಅಂತ ಗಾದೆಯೂ ಉಂಟು. ಆದರೆ ಮೂಗೇ ಇಲ್ಲ ಅಂತಾದರೆ? ಕಳೆದ ವರ್ಷ ನಮ್ಮ ಮಾವನಿಗೆ ಆ ಪ್ರಶ್ನೆ ಬಂತು. ಮಾವ ಅಂದರೆ ನನ್ನ ಅಮ್ಮನ ಅಣ್ಣ, 63 ವರ್ಷ, ಕಾಪುವಿನಲ್ಲಿ ಮನೆ. ಪ್ರಾಯದಲ್ಲಿ ಬೋಟಿಗೆ ಹೋಗ್ತಿದ್ದವರು, ಆಮೇಲೆ ಮೀನಿನ ಲಾರಿಗಳ ಲೋಡ್ ಲೆಕ್ಕ ಬರೀತಿದ್ದರು. ಒಟ್ಟಾರೆ ಬದುಕೆಲ್ಲ ಬಿಸಿಲಲ್ಲೇ. ಈ ಸಂಚಿಕೆಗೆ ಅವರ ಒಪ್ಪಿಗೆ ಉಂಟು. "ಹೆಸರು ಬೇಡ, ಮೂಗು ಸಾಕು" ಅಂದಿದ್ದಾರೆ.

ಶುರು ಆದದ್ದು ಎಡಗಡೆ ಮೂಗಿನ ಹೊಳ್ಳೆಯ ಹತ್ತಿರ ಒಂದು ಕಪ್ಪು ಗುಳ್ಳೆಯಿಂದ. ಮಚ್ಚೆ ಅಂದುಕೊಂಡರು. ಶೇವ್ ಮಾಡುವಾಗ ತಾಗಿ ರಕ್ತ ಬಂತು, ಹೆಕ್ಕಳೆ ಕಟ್ಟಿತು, ಉದುರಿತು, ಮತ್ತೆ ರಕ್ತ ಬಂತು. ಒಂದು ಕ್ಲಿನಿಕ್‌ನಲ್ಲಿ ಮುಲಾಮು ಕೊಟ್ಟರು. ಅದು ಮುಗಿದಾಗ ಇನ್ನೊಂದು ಮುಲಾಮು. ಹೀಗೇ ಹದಿನಾಲ್ಕು ತಿಂಗಳು. ಕೊನೆಗೆ ಮಾವನ ಮಗಳು ಬೆಂಗಳೂರಿನಿಂದ ಬಂದಾಗ ನೋಡಿ, "ಅಪ್ಪ, ನಾಳೆ ಬೆಳಿಗ್ಗೆ ಮಣಿಪಾಲಕ್ಕೆ ಹೋಗುವ" ಅಂದಳು. ಕಾಪುವಿನಿಂದ ಉಡುಪಿಗೆ ಒಂದು ಬಸ್, ಅಲ್ಲಿಂದ ಟೈಗರ್ ಸರ್ಕಲ್‌ಗೆ ಇನ್ನೊಂದು. ಅಷ್ಟು ಹತ್ತಿರ. ಹದಿನಾಲ್ಕು ತಿಂಗಳು ಬೇಕಾಯ್ತು.

ಸಣ್ಣ ತುಂಡು ಚರ್ಮ ತೆಗೆದು ಪರೀಕ್ಷೆ ಮಾಡಿದರು. ಬೇಸಲ್ ಸೆಲ್ ಕಾರ್ಸಿನೋಮಾ. ಇದು ಚರ್ಮದ ಕ್ಯಾನ್ಸರ್‌ನ ಒಂದು ಬಗೆ. ಬಿಳಿ ಚರ್ಮದವರಲ್ಲಿ ಬಹಳ ಸಾಮಾನ್ಯ, ನಮ್ಮ ಬಣ್ಣದವರಲ್ಲಿ ಕಡಿಮೆ. ಕಡಿಮೆ ಅಂದರೆ ಇಲ್ಲ ಅಂತಲ್ಲ. ನಮ್ಮಲ್ಲಿ ಇದು ಅನೇಕ ಸಲ ಕಪ್ಪಾಗಿಯೇ ಕಾಣೋದರಿಂದ ಮಚ್ಚೆ ಅಂತ ಮೋಸ ಹೋಗೋದು ಸುಲಭ. ಒಳ್ಳೆ ಸುದ್ದಿ ಏನಂದರೆ, ಇದು ದೇಹದ ಬೇರೆ ಭಾಗಕ್ಕೆ ಹರಡೋದು ತುಂಬಾ ಅಪರೂಪ. ಕೆಟ್ಟ ಸುದ್ದಿ, ಇದ್ದ ಜಾಗದಲ್ಲೇ ನಿಧಾನವಾಗಿ ತಿನ್ನುತ್ತಾ ಹೋಗುತ್ತೆ. ಚರ್ಮ, ಆಮೇಲೆ ಮೃದ್ವಸ್ಥಿ, ಬಿಟ್ಟರೆ ಎಲುಬು. ಮೂಗಿನ ಮೇಲೆ ತಿನ್ನೋಕೆ ಜಾಗವೇ ಎಷ್ಟುಂಟು ಹೇಳಿ.

ಡಾಕ್ಟರ್ ಪೆನ್ನಿನಿಂದ ಗುಳ್ಳೆಯ ಸುತ್ತ ಒಂದು ಗೆರೆ ಹಾಕಿದರು. ನಂತರ ಅದರ ಹೊರಗೆ ಇನ್ನೊಂದು. ಕಣ್ಣಿಗೆ ಕಾಣೋ ಗಡ್ಡೆಯನ್ನಷ್ಟೇ ತೆಗೆದರೆ ಬೇರು ಉಳಿದೀತು ಅಂತ ಸುತ್ತ ಸ್ವಲ್ಪ ಒಳ್ಳೆ ಚರ್ಮವನ್ನೂ ಸೇರಿಸಿ ತೆಗೀತಾರೆ. ಸಣ್ಣ, ಅಪಾಯ ಕಡಿಮೆ ಇರೋ ಗಡ್ಡೆಗೆ ಸಾಮಾನ್ಯವಾಗಿ 4 ಮಿಲಿಮೀಟರ್, ದೊಡ್ಡದಿದ್ದರೆ ಇನ್ನೂ ಜಾಸ್ತಿ. ಮಾವನ ಮೂಗಿನಲ್ಲಿ ಆ ಹೊರಗಿನ ಗೆರೆ ಹೆಚ್ಚುಕಡಿಮೆ ಎರಡು ರೂಪಾಯಿ ನಾಣ್ಯದಷ್ಟು ಆಯ್ತು. ಎಡ ಹೊಳ್ಳೆ ಪೂರ್ತಿ, ತುದಿಯಲ್ಲಿ ಸ್ವಲ್ಪ.

ತೆಗೆದ ದಿನವೇ ಮುಚ್ಚಲಿಲ್ಲ. ಇದು ನಮ್ಮ ಮನೆಯಲ್ಲಿ ಯಾರಿಗೂ ಅರ್ಥ ಆಗದ ವಿಷಯ, ಅದಕ್ಕೇ ಹೇಳ್ತಿದ್ದೇನೆ. ತೆಗೆದ ತುಂಡಿನ ಅಂಚಿನಲ್ಲಿ ಕ್ಯಾನ್ಸರ್ ಕೋಶ ಉಳಿದಿಲ್ಲ ಅಂತ ಲ್ಯಾಬ್‌ನಿಂದ ಖಾತ್ರಿ ಆಗಬೇಕು. ಅದಕ್ಕೆ ಮೊದಲು ಮೇಲೆ ಹೊಸ ಚರ್ಮ ಹೊದಿಸಿಬಿಟ್ಟರೆ, ಅಡಿಯಲ್ಲಿ ಉಳಿದದ್ದು ಕಾಣದೆ ಬೆಳೆಯುತ್ತೆ. ಕೆಲವು ಕಡೆ ಆಪರೇಷನ್ ಟೇಬಲ್ ಮೇಲೆ ಇರುವಾಗಲೇ ತುಂಡನ್ನು ಹೆಪ್ಪುಗಟ್ಟಿಸಿ ನೋಡಿ ಹೇಳ್ತಾರೆ, ಅದಕ್ಕೆ ಫ್ರೋಜನ್ ಸೆಕ್ಷನ್ ಅಂತ ಹೆಸರು. ಮಾವನಿಗೆ ಹಾಗೆ ಮಾಡಲಿಲ್ಲ, ಡ್ರೆಸಿಂಗ್ ಹಾಕಿ ರಿಪೋರ್ಟಿಗೆ ಕಾದರು. ಆ ಐದು ದಿನ ಮಾವ ಕನ್ನಡಿಗೆ ಬೈರಾಸು ಹೊದಿಸಿ ಇಟ್ಟಿದ್ದರು.

ಅಂಚು ಶುಭ್ರ ಅಂತ ರಿಪೋರ್ಟ್ ಬಂತು. ಈಗ ಗುಂಡಿ ಮುಚ್ಚೋದು ಹೇಗೆ?

ಸಾಲ ತಂದ ಚರ್ಮ

ನಾನು ಬಿ.ಕಾಂ. ವಿಜ್ಞಾನ ಹತ್ತನೇ ಕ್ಲಾಸಿಗೇ ಮುಗಿದದ್ದು. ಹಾಗಾಗಿ ನನಗೆ ಅರ್ಥ ಆದ ಹಾಗೆ ಹೇಳ್ತೇನೆ.

ಚರ್ಮವನ್ನು ಒಂದು ಕಡೆಯಿಂದ ಇನ್ನೊಂದು ಕಡೆಗೆ ತರೋಕೆ ಮುಖ್ಯವಾಗಿ ಎರಡು ದಾರಿ. ಒಂದು ಗ್ರಾಫ್ಟ್. ತೊಡೆಯಿಂದಲೋ ಕಿವಿಯ ಹಿಂದಿನಿಂದಲೋ ಚರ್ಮವನ್ನು ಪೂರ್ತಿ ಬಿಡಿಸಿ ತಂದು ಅಂಟಿಸೋದು. ಅದಕ್ಕೆ ಸ್ವಂತ ರಕ್ತ ಇಲ್ಲ. ಮೊದಲ ಒಂದೆರಡು ದಿನ ಅಡಿಯ ಗಾಯದ ತೇವವನ್ನು ಹೀರಿಕೊಂಡು ಜೀವ ಹಿಡಿದಿರುತ್ತೆ, ಆಮೇಲೆ ಕೆಳಗಿನಿಂದ ಸಣ್ಣ ರಕ್ತನಾಳಗಳು ಬಂದು ಸೇರಬೇಕು. ಕಿಸೆಯಲ್ಲಿ ಸ್ವಲ್ಪ ಚಿಲ್ಲರೆ ಇಟ್ಟುಕೊಂಡು ಪರಊರಿಗೆ ಹೋದ ಹಾಗೆ. ಚಿಲ್ಲರೆ ಮುಗಿಯೋದರೊಳಗೆ ಅಲ್ಲಿ ಕೆಲಸ ಸಿಗಬೇಕು. ಗ್ರಾಫ್ಟ್ ತೆಳ್ಳಗಿರುತ್ತೆ, ಬಣ್ಣ ಬೇರೆ ಆಗಬಹುದು, ಕುಗ್ಗುತ್ತೆ. ಅಡಿಯಲ್ಲಿ ಮೃದ್ವಸ್ಥಿ ಬರಿದಾಗಿ ಕಾಣ್ತಿದ್ದರೆ ಹಿಡಿಯೋದೂ ಕಷ್ಟ.

ಇನ್ನೊಂದು ಫ್ಲ್ಯಾಪ್. ಇಲ್ಲಿ ಚರ್ಮವನ್ನು ಮೂರು ಕಡೆ ಬಿಡಿಸಿ ಒಂದು ಕಡೆ ಬಿಡಿಸದೆ ಇಡ್ತಾರೆ. ಆ ಬಿಡಿಸದ ತೊಟ್ಟಿನೊಳಗೆ ರಕ್ತನಾಳ ಉಂಟು. ಅಂದರೆ ಹಳೆ ಊರಿನ ಬ್ಯಾಂಕ್ ಖಾತೆ ಚಾಲ್ತಿಯಲ್ಲೇ ಇಟ್ಟುಕೊಂಡು ಹೊಸ ಊರಿಗೆ ಹೋಗೋದು. ಅಲ್ಲಿ ಹೊಸ ಖಾತೆ ತೆರೆದು ಸಂಬಳ ಬೀಳೋಕೆ ಶುರು ಆದ ಮೇಲೆ ಹಳೆಯದನ್ನು ಮುಚ್ಚಬಹುದು.

ಮೂಗಿಗೆ ಅಕ್ಕಪಕ್ಕದಿಂದ ತರಬಹುದಾದ ಫ್ಲ್ಯಾಪ್‌ಗಳು ಬೇಕಾದಷ್ಟು. ಗುಂಡಿ ಚಿಕ್ಕದು, ಸುಮಾರು ಒಂದೂವರೆ ಸೆಂಟಿಮೀಟರ್ ಒಳಗೆ ಅಂತಾದರೆ ಮೂಗಿನ ಮೇಲ್ಭಾಗದ ಸಡಿಲ ಚರ್ಮವನ್ನೇ ಎರಡು ಎಸಳು ಮಾಡಿ ತಿರುಗಿಸ್ತಾರೆ. ಮೊದಲ ಎಸಳು ಗುಂಡಿ ಮುಚ್ಚುತ್ತೆ, ಎರಡನೆಯದು ಮೊದಲನೆಯದರ ಜಾಗ ಮುಚ್ಚುತ್ತೆ, ಎರಡನೆಯದರ ಜಾಗವನ್ನು ಎಳೆದು ಹೊಲೀತಾರೆ. ಬೈಲೋಬ್ಡ್ ಫ್ಲ್ಯಾಪ್ ಅಂತಾರೆ, 1918ರಲ್ಲಿ ಎಸ್ಸರ್ ಅನ್ನೋ ಡಚ್ ಸರ್ಜನ್ ವಿವರಿಸಿದ್ದು. ಹೊಳ್ಳೆಗೆ ಕೆನ್ನೆಯ ಪಕ್ಕದಿಂದ, ನಗುವಾಗ ಮಡಿಕೆ ಬೀಳುತ್ತಲ್ಲ, ಅಲ್ಲಿಂದ ತರೋದೂ ಉಂಟು.

ಮಾವನದ್ದು ಇದಕ್ಕೆಲ್ಲ ದೊಡ್ಡದಾಯ್ತು. "ಹಣೆಯಿಂದ ತೆಗೆಯೋದು ಒಳ್ಳೆದು" ಅಂದರು ಡಾಕ್ಟರ್. ಪೂರ್ತಿ ಹೆಸರು ಪ್ಯಾರಾಮೀಡಿಯನ್ ಫೋರ್‌ಹೆಡ್ ಫ್ಲ್ಯಾಪ್. ಹಣೆಯ ಚರ್ಮದ ಬಣ್ಣ, ದಪ್ಪ, ಮೈವಳಿಕೆ ಎಲ್ಲ ಮೂಗಿಗೆ ಹತ್ತಿರ. ಜೊತೆಗೆ ಹುಬ್ಬಿನ ಒಳತುದಿಯ ಹತ್ತಿರ, ಮುಖದ ಮಧ್ಯಗೆರೆಯಿಂದ ಸುಮಾರು ಎರಡು ಸೆಂಟಿಮೀಟರ್ ಆಚೆ, ಸುಪ್ರಾಟ್ರಾಕ್ಲಿಯರ್ ಅಂತ ಒಂದು ರಕ್ತನಾಳ ಮೇಲಕ್ಕೆ ಹೋಗುತ್ತೆ. ಅದನ್ನು ಹಿಡಿದು ಒಂದೂವರೆ ಸೆಂಟಿಮೀಟರ್‌ನಷ್ಟು ಕಿರಿದಾದ ತೊಟ್ಟು ಬಿಟ್ಟರೂ ಸಾಕು, ತುದಿಯವರೆಗೆ ರಕ್ತ ಹೋಗುತ್ತೆ. ಹಣೆಯ ಮೇಲ್ಭಾಗದಿಂದ ಬೇಕಾದ ಆಕಾರ ಬಿಡಿಸಿ, ಹುಬ್ಬಿನ ಹತ್ತಿರ ಅರ್ಧ ಸುತ್ತು ತಿರುಗಿಸಿ, ಮೂಗಿನ ಮೇಲೆ ತಂದು ಹೊಲಿಯೋದು.

ಹೌದು, ಹೊಲಿದ ಮೇಲೆ ಆ ತೊಟ್ಟು ಹಾಗೇ ಇರುತ್ತೆ. ಹುಬ್ಬಿನಿಂದ ಮೂಗಿನ ತನಕ, ಒಂದು ಸೇತುವೆ ಥರ. ಮೂರು ವಾರ.

ನಲವತ್ತು ವರ್ಷದಿಂದ ಬೀಡಿ ಸೇದ್ತಿದ್ದ ಮನುಷ್ಯ ಮಾವ. ಡಾಕ್ಟರ್ ಮೊದಲು ಕೇಳಿದ್ದೇ ಅದು. ನಿಕೋಟಿನ್ ಸಣ್ಣ ರಕ್ತನಾಳಗಳನ್ನು ಕುಗ್ಗಿಸುತ್ತೆ, ಫ್ಲ್ಯಾಪ್‌ನ ತುದಿ ಕಪ್ಪಾಗಿ ಸತ್ತುಹೋಗೋ ಅಪಾಯ ಹೆಚ್ಚುತ್ತೆ. "ಬೀಡಿ ಬೇಕಾ, ಮೂಗು ಬೇಕಾ?" ಅಂತ ನೇರವಾಗಿ ಕೇಳಿದರು. ಮಾವ ಎರಡು ಸೆಕೆಂಡ್ ಯೋಚನೆ ಮಾಡಿದರು ಅನ್ನೋದು ಅತ್ತೆಗೆ ಈಗಲೂ ಸಿಟ್ಟು.

ಕಾವಸ್‌ಜಿ ಅನ್ನೋ ಗಾಡಿ ಹೊಡೆಯುವವ

ಆಪರೇಷನ್ ಆದ ಮೇಲೆ ತೊಟ್ಟಿನ ಮೇಲೆ ಏನೂ ಒತ್ತಬಾರದು. ಕನ್ನಡಕ ಹಾಕೋ ಹಾಗಿಲ್ಲ. ಹಾಗಾಗಿ ಮಾವನಿಗೆ ಪೇಪರ್ ಓದಿ ಹೇಳೋ ಡ್ಯೂಟಿ ನನಗೆ ಬಂತು. ಒಂದು ದಿನ ಪೇಪರ್ ಮುಗಿದ ಮೇಲೆ ಕೇಳಿದರು: "ಈ ಹಣೆ ತೆಗೆದು ಮೂಗು ಮಾಡುವ ಉಪಾಯ ಯಾರಿಗೆ ಮಾರಾಯ ಹೊಳೆದದ್ದು?" ನಾನು ಹುಡುಕ್ತಾ ಹೋದೆ. ಉತ್ತರ ನಮ್ಮ ರಾಜ್ಯದಲ್ಲೇ ಬಂದು ನಿಂತಿತು.

ಮೂರನೇ ಆಂಗ್ಲೋ ಮೈಸೂರು ಯುದ್ಧ, 1792ರಲ್ಲಿ ಮುಗಿದದ್ದು. ಆಗ ಉಡುಪಿ, ಕಾಪು, ಕಾರ್ಕಳ ಎಲ್ಲ ಟಿಪ್ಪು ಸುಲ್ತಾನನ ಆಳ್ವಿಕೆಯ ಊರುಗಳು. ಇಂಗ್ಲಿಷ್ ಸೇನೆಗೆ ಎತ್ತಿನ ಗಾಡಿ ಹೊಡೀತಿದ್ದ ಕಾವಸ್‌ಜಿ ಅನ್ನೋ ಮರಾಠಿ ಮನುಷ್ಯ ಟಿಪ್ಪುವಿನ ಕಡೆಯವರಿಗೆ ಸೆರೆ ಸಿಕ್ಕ. ಅವನ ಮೂಗನ್ನೂ ಒಂದು ಕೈಯನ್ನೂ ಕತ್ತರಿಸಿ ಬಿಟ್ಟರು. ಶ್ರೀರಂಗಪಟ್ಟಣದ ಹತ್ತಿರ ಅವನು ಬಾಂಬೆ ಸೇನೆಯನ್ನು ಬಂದು ಸೇರಿಕೊಂಡ, ಆಮೇಲೆ ಕಂಪನಿ ಅವನಿಗೆ ಪಿಂಚಣಿ ಕೊಟ್ಟಿತು. ಇದು ಇಂಗ್ಲಿಷರು ಬರೆದಿಟ್ಟ ಲೆಕ್ಕ, ಶತ್ರುವಿನ ಬಗ್ಗೆ ಶತ್ರು ಬರೆದದ್ದು ಅನ್ನೋದು ನೆನಪಿರಲಿ. ಮೂಗು ಕೊಯ್ಯೋ ಶಿಕ್ಷೆ ಯಾವ ಒಬ್ಬ ರಾಜನ, ಒಂದು ಧರ್ಮದ ಆಸ್ತಿಯೂ ಅಲ್ಲ. ಅದಕ್ಕೂ ನೂರು ಚಿಲ್ಲರೆ ವರ್ಷ ಮೊದಲು, 1650ರ ದಶಕದಲ್ಲಿ, ಮೈಸೂರಿನ ಒಡೆಯರ ಸೇನೆಗೂ ಮದುರೆಯ ನಾಯಕರಿಗೂ ನಡೆದ ಜಗಳಕ್ಕೆ ಇತಿಹಾಸದಲ್ಲಿ ಮೂಗು ಕೊಯ್ಯುವ ಯುದ್ಧ ಅಂತಲೇ ಹೆಸರು. ಕಾಮೆಂಟ್‌ನಲ್ಲಿ ಜಗಳ ಶುರು ಮಾಡೋ ಮೊದಲು ಇದನ್ನೂ ಓದಿ.

ಕಾವಸ್‌ಜಿ ಒಂದು ವರ್ಷಕ್ಕಿಂತ ಹೆಚ್ಚು ಕಾಲ ಮೂಗಿಲ್ಲದೆ ಇದ್ದ. ನಂತರ ಪುಣೆಯ ಹತ್ತಿರ ಒಬ್ಬ ಮನುಷ್ಯ ಅವನಿಗೆ ಹೊಸ ಮೂಗು ಮಾಡಿಕೊಟ್ಟ. ಬಾಂಬೆಯ ಇಬ್ಬರು ಇಂಗ್ಲಿಷ್ ವೈದ್ಯರು, ಥಾಮಸ್ ಕ್ರೂಸೊ ಮತ್ತು ಜೇಮ್ಸ್ ಫಿಂಡ್ಲೆ, ಪಕ್ಕದಲ್ಲಿ ನಿಂತು ನೋಡಿದರು. ಜೇಮ್ಸ್ ವೇಲ್ಸ್ ಅನ್ನೋ ಚಿತ್ರಕಾರ ಕಾವಸ್‌ಜಿಯ ಚಿತ್ರ ಬರೆದ. 1794ರ ಅಕ್ಟೋಬರ್‌ನಲ್ಲಿ ಲಂಡನ್ನಿನ ಜಂಟಲ್‌ಮನ್ಸ್ ಮ್ಯಾಗಜೀನ್‌ನಲ್ಲಿ ಆ ಚಿತ್ರದ ಜೊತೆ ಒಂದು ಪತ್ರ ಅಚ್ಚಾಯ್ತು, ಕೆಳಗೆ ಬಿ.ಎಲ್. ಅಂತ ಎರಡಕ್ಷರದ ಸಹಿ.

ಆ ಪತ್ರದಲ್ಲಿರೋ ವಿಧಾನ ಕೇಳಿ, ಮಾವನ ಆಪರೇಷನ್ ನೆನಪಿಟ್ಟುಕೊಂಡು.

ಮೊದಲು ತೆಳ್ಳನೆಯ ಮೇಣದ ಹಾಳೆಯನ್ನು ಉಳಿದ ಮೂಗಿನ ಮೇಲೆ ಕೂರಿಸಿ ಮೂಗಿನ ಆಕಾರ ಮಾಡಿದರು. ಆ ಮೇಣವನ್ನು ಚಪ್ಪಟೆ ಮಾಡಿ ಹಣೆಯ ಮೇಲಿಟ್ಟು ಸುತ್ತ ಗೆರೆ ಎಳೆದರು. ಮೂಗು ಉಬ್ಬಿದ ವಸ್ತು, ಹಣೆ ಚಪ್ಪಟೆ. ಉಬ್ಬಿದ್ದನ್ನು ಬಿಚ್ಚಿ ಹರಡಿದರೆ ಎಷ್ಟು ಬಟ್ಟೆ ಬೇಕು ಅಂತ ಟೈಲರ್ ಲೆಕ್ಕ ಹಾಕೋದು ಹೀಗೇ ಅಲ್ವಾ. ಮಾವನಿಗೂ ಡಾಕ್ಟರ್ ಮಾಡಿದ್ದು ಇದೇ, ಮೇಣದ ಬದಲು ಹೊಲಿಗೆ ದಾರದ ಪ್ಯಾಕೆಟ್ಟಿನ ಹಾಳೆ.

ನಂತರ ಗೆರೆಯ ಉದ್ದಕ್ಕೆ ಚರ್ಮ ಬಿಡಿಸಿ, ಎರಡು ಕಣ್ಣಿನ ನಡುವೆ ಸಣ್ಣ ಪಟ್ಟಿ ಮಾತ್ರ ಬಿಟ್ಟರು, ರಕ್ತ ಓಡೋಕೆ. ಹಳೆ ಗಾಯದ ಅಂಚನ್ನು ಕೆತ್ತಿ ಹಸಿ ಮಾಡಿ, ಚರ್ಮವನ್ನು ಅರ್ಧ ಸುತ್ತು ತಿರುಗಿಸಿ ಕೆಳಗೆ ತಂದು ಆ ಸೀಳಿನೊಳಗೆ ಸೇರಿಸಿದರು. ಅಂಟಿಸೋಕೆ ಎಂತ ಗೊತ್ತಾ? ಕಾಚು! ಅಜ್ಜಿಯ ಎಲೆಅಡಿಕೆ ತಟ್ಟೆಯಲ್ಲಿ ಇರುತ್ತಲ್ಲ, ಅದೇ. ನೀರಲ್ಲಿ ಕಲಸಿ ಬಟ್ಟೆಯ ಪಟ್ಟಿಗೆ ಹಚ್ಚಿ, ಐದಾರು ಪಟ್ಟಿಗಳನ್ನು ಒಂದರ ಮೇಲೊಂದು ಹಾಕಿದರು. ನಾಲ್ಕು ದಿನ ಬೇರೆ ಎಂತದೂ ಇಲ್ಲ. ಆಮೇಲೆ ಅದನ್ನು ತೆಗೆದು ತುಪ್ಪದಲ್ಲಿ ಅದ್ದಿದ ಬಟ್ಟೆ. ಮೂಗಿಗೆ ತುಪ್ಪ ಸವರೋದು ಅಂದರೆ ನಿಜವಾಗಿ ಇದು. ಐದಾರು ದಿನ ಅಂಗಾತ ಮಲಗಿರಬೇಕು. ಹತ್ತನೇ ದಿನ ಹೊಳ್ಳೆ ಮುಚ್ಚಿಹೋಗದ ಹಾಗೆ ಒಳಗೆ ಮೆತ್ತನೆ ಬಟ್ಟೆ ತುರುಕಿದರು. ಸುಮಾರು ಇಪ್ಪತ್ತೈದನೇ ದಿನ ಕಣ್ಣ ನಡುವಿನ ಪಟ್ಟಿಯನ್ನು ಕತ್ತರಿಸಿದರು.

ಮಾವನ ತೊಟ್ಟು ಕತ್ತರಿಸಿದ್ದು ಇಪ್ಪತ್ತೆರಡನೇ ದಿನ. ಇನ್ನೂರಮೂವತ್ತು ವರ್ಷದಲ್ಲಿ ಕ್ಯಾಲೆಂಡರ್ ಬದಲಾಗಲಿಲ್ಲ, ಯಾಕಂದ್ರೆ ಹೊಸ ರಕ್ತನಾಳ ಬೆಳೆಯೋ ವೇಗ ಬದಲಾಗಲಿಲ್ಲ.

ಈ ಪತ್ರ ಓದಿದ ಲಂಡನ್ನಿನ ಜೋಸೆಫ್ ಕಾರ್ಪ್ಯೂ ಅನ್ನೋ ಸರ್ಜನ್ ಮೊದಲು ಹೆಣಗಳ ಮೇಲೆ ಅಭ್ಯಾಸ ಮಾಡಿದರು. 1814ರಲ್ಲಿ ಒಬ್ಬ ಸೇನಾಧಿಕಾರಿಗೆ ಇದೇ ರೀತಿ ಹಣೆಯಿಂದ ಮೂಗು ಮಾಡಿದರು, 1816ರಲ್ಲಿ ಪುಸ್ತಕ ಬರೆದರು. ಅಲ್ಲಿಂದ ಯುರೋಪ್ ಪೂರ್ತಿ ಹರಡಿತು, ಇಂಡಿಯನ್ ಮೆಥಡ್ ಅಂತ ಹೆಸರಾಯ್ತು. ಅದಕ್ಕೂ ಮೊದಲು ಅವರಿಗೆ ಗೊತ್ತಿದ್ದದ್ದು ಇಟಲಿಯ ತಾಲ್ಯಾಕೋತ್ಸಿ 1597ರಲ್ಲಿ ಬರೆದ ವಿಧಾನ. ತೋಳಿನ ಚರ್ಮವನ್ನು ಮೂಗಿಗೆ ಹೊಲಿದು, ಕೈಯನ್ನು ತಲೆಗೆ ಕಟ್ಟಿ ವಾರಗಟ್ಟಲೆ ಕೂತಿರೋದು. ಮಾವನಿಗೆ ಈ ಚಿತ್ರ ತೋರಿಸಿದೆ. "ನನ್ನದೇ ವಾಸಿ" ಅಂದರು.

ಈ ಕಥೆಯಲ್ಲಿ ನನಗೆ ಒಂದು ತಕರಾರು ಉಂಟು. ರೋಗಿಯ ಹೆಸರು ಉಂಟು, ನೋಡ್ತಾ ನಿಂತ ಇಬ್ಬರ ಹೆಸರು ಉಂಟು, ಚಿತ್ರ ಬರೆದವರ ಹೆಸರು ಉಂಟು, ಲಂಡನ್ನಿನಲ್ಲಿ ನಕಲು ಮಾಡಿದವರ ಹೆಸರಂತೂ ಎಲ್ಲ ಪಠ್ಯದಲ್ಲೂ ಉಂಟು. ಮೂಗು ಮಾಡಿದವನ ಹೆಸರನ್ನು ಆ ಪತ್ರ ಹೇಳೋದಿಲ್ಲ. ಇಟ್ಟಿಗೆ ಮಾಡೋ ಜಾತಿಯವ ಅಂತ ಬರೆದು ಮುಂದೆ ಹೋಗುತ್ತೆ. ಎರಡು ನಿಮಿಷ ನಿಲ್ಲಿಸಿ ಹೆಸರೇನಪ್ಪ ಅಂತ ಕೇಳೋಕೆ ಯಾರಿಗೂ ತೋಚಲಿಲ್ಲ.

ವಾಟ್ಸಾಪ್ ಫಾರ್ವರ್ಡ್ ಬಗ್ಗೆಯೂ ಒಂದು ಮಾತು. ಸುಶ್ರುತ ಹಣೆಯ ಚರ್ಮದಿಂದ ಮೂಗು ಮಾಡಿದ ಅಂತ ಚಿತ್ರ ಸಮೇತ ಬರುತ್ತೆ. ಸುಶ್ರುತ ಸಂಹಿತೆಯಲ್ಲಿ ಮೂಗು ಜೋಡಿಸೋ ವಿವರ ಇರೋದು ನಿಜ, ಅದು ಹೆಮ್ಮೆಯ ವಿಷಯವೇ. ಆದರೆ ಅಲ್ಲಿ ಹೇಳಿರೋದು ಕೆನ್ನೆಯ ಚರ್ಮ. ಬಳ್ಳಿಯ ಎಲೆಯನ್ನು ಮೂಗಿನ ಅಳತೆಗೆ ಕತ್ತರಿಸಿ, ಅದೇ ಅಳತೆಗೆ ಕೆನ್ನೆಯಿಂದ ಚರ್ಮ ಬಿಡಿಸಿ, ಬುಡ ಬಿಡದೆ ತಂದು ಕೂರಿಸಿ, ಉಸಿರಾಡೋಕೆ ಎರಡು ಕೊಳವೆ ಇಟ್ಟು, ಜ್ಯೇಷ್ಠಮಧು ಎಲ್ಲ ಸೇರಿದ ಪುಡಿ ಉದುರಿಸಿ, ಎಳ್ಳೆಣ್ಣೆ ಹಾಕೋದು. ಬುಡ ಬಿಡದೆ ಅನ್ನೋ ಮಾತಿದೆಯಲ್ಲ, ಫ್ಲ್ಯಾಪ್‌ನ ಗುಟ್ಟು ಪೂರ್ತಿ ಅದರಲ್ಲೇ ಉಂಟು. ಕೆನ್ನೆಯಿಂದ ಹಣೆಗೆ ಯಾವಾಗ ಬಂತು, ಯಾರು ತಂದರು ಅಂತ ಯಾವ ಪುಸ್ತಕದಲ್ಲೂ ಒಂದು ತಾರೀಕು ಸಿಗಲ್ಲ. ಕೈಯಿಂದ ಕೈಗೆ ಬಂದ ವಿದ್ಯೆ.

ಹಾಗಾದರೆ ಹೊಸದೇನು?

ಒಂದನೆಯದು, ನೋವು. ಕಾವಸ್‌ಜಿಗೆ ಅರಿವಳಿಕೆ ಇರಲಿಲ್ಲ. ಈಥರ್ ಬಂದದ್ದೇ 1846ರಲ್ಲಿ. ಇದರ ಬಗ್ಗೆ ಹೆಚ್ಚು ಯೋಚನೆ ಮಾಡೋಕೆ ನನಗೆ ಇಷ್ಟ ಇಲ್ಲ.

ದೊಡ್ಡ ವ್ಯತ್ಯಾಸ ಮೂಗಿನ ಒಳಗೆ ಉಂಟು. ಮೂಗು ಅಂದರೆ ಮೂರು ಪದರ. ಹೊರಗೆ ಚರ್ಮ, ನಡುವೆ ಎಲುಬು ಮತ್ತು ಮೃದ್ವಸ್ಥಿಯ ಹಂದರ, ಒಳಗೆ ತೇವದ ತೆಳು ಪೊರೆ. ಹಳೆ ಕಾಲದಲ್ಲಿ ಹೊರಗಿನ ಪದರ ಮಾತ್ರ ಮಾಡ್ತಿದ್ದರು. ಒಳಗೆ ಹಸಿ ಗಾಯ ಹಾಗೇ ಇರ್ತಿತ್ತು, ಹಸಿ ಗಾಯ ವಾಸಿಯಾಗುವಾಗ ಕುಗ್ಗುತ್ತೆ, ಮೂಗು ಒಳಗೆಳೆದು ಚಿಕ್ಕದಾಗ್ತಿತ್ತು, ಹೊಳ್ಳೆ ಮುಚ್ಚಿಕೊಳ್ತಿತ್ತು. ಹೊಳ್ಳೆಗೆ ಬಟ್ಟೆ ತುರುಕಿದ್ದು ಅದಕ್ಕೇ. ಈಗ ಒಳಪೊರೆ ಹೋಗಿದ್ದರೆ ಮೂಗಿನ ನಡುಗೋಡೆಯಿಂದಲೋ, ಹಣೆಯ ಫ್ಲ್ಯಾಪ್‌ನ ತುದಿಯನ್ನೇ ಒಳಗೆ ಮಡಚಿಯೋ ಅದನ್ನೂ ಮಾಡ್ತಾರೆ. ಮಾವನ ಒಳಪದರ ಪುಣ್ಯಕ್ಕೆ ಉಳಿದಿತ್ತು. ನಡುವಿನ ಹಂದರಕ್ಕೆ ಕಿವಿಯ ಬಟ್ಟಲಿನಿಂದ ಒಂದು ಪಟ್ಟಿ ಮೃದ್ವಸ್ಥಿ ತೆಗೆದರು. ಹೊಳ್ಳೆಯ ಅಂಚಿನಲ್ಲಿ ಹುಟ್ಟಿನಿಂದ ಮೃದ್ವಸ್ಥಿ ಇರೋದಿಲ್ಲ, ಆದರೂ ಹೊಸ ಹೊಳ್ಳೆಗೆ ಹಾಕಲೇಬೇಕು, ಇಲ್ಲದಿದ್ದರೆ ಉಸಿರು ಎಳೆದಾಗ ಒಳಕ್ಕೆ ಅಂಟಿಕೊಳ್ಳುತ್ತೆ. "ಹಣೆ, ಕಿವಿ, ಮೂಗು ಮೂರೂ ಸೇರಿ ಒಂದು ಮೂಗು" ಅಂತ ಮಾವನ ಲೆಕ್ಕ.

ಇನ್ನೊಂದು, ಕಣ್ಣು ಮೋಸ ಹೋಗೋ ವಿದ್ಯೆ. 1985ರಲ್ಲಿ ಬರ್ಜೆಟ್ ಮತ್ತು ಮೆನಿಕ್ ಅನ್ನೋ ಇಬ್ಬರು ಅಮೆರಿಕದ ಸರ್ಜನ್‌ಗಳು ಮೂಗನ್ನು ಒಂಬತ್ತು ತುಂಡು ಮಾಡಿ ನೋಡಿ ಅಂದರು. ಬೆನ್ನು, ತುದಿ, ಎರಡು ಪಕ್ಕ, ಎರಡು ಹೊಳ್ಳೆ, ಹೀಗೆ. ಬೆಳಕು ಬಿದ್ದಾಗ ನಮ್ಮ ಕಣ್ಣು ಈ ತುಂಡುಗಳ ನಡುವೆ ನೆರಳಿನ ಗೆರೆ ನೋಡಿಯೇ ಅಭ್ಯಾಸ. ಹೊಲಿಗೆಯ ಗುರುತನ್ನು ಆ ಗೆರೆಯಲ್ಲೇ ಕೂರಿಸಿದರೆ ಕಾಣೋದಿಲ್ಲ. ಹಾಗಾಗಿ ಒಂದು ತುಂಡಿನ ಅರ್ಧಕ್ಕಿಂತ ಹೆಚ್ಚು ಹೋಗಿದ್ದರೆ, ಉಳಿದ ಒಳ್ಳೆ ಚರ್ಮವನ್ನೂ ತೆಗೆದು ತುಂಡನ್ನೇ ಪೂರ್ತಿ ಹೊಸದು ಮಾಡೋದು. ಚೆನ್ನಾಗಿರೋದನ್ನು ಯಾಕೆ ತೆಗೀತೀರಿ ಅಂತ ಅತ್ತೆ ಜಗಳ ಮಾಡಿದ್ದರು. ಗೋಡೆಯ ನಡುವೆ ತೇಪೆ ಬಣ್ಣ ಹಚ್ಚೋದಕ್ಕಿಂತ ಮೂಲೆಯಿಂದ ಮೂಲೆಗೆ ಒಂದು ಗೋಡೆ ಪೂರ್ತಿ ಬಳಿದರೆ ಗೊತ್ತಾಗಲ್ಲ, ಅಷ್ಟೇ.

ಎರಡನೇ ದಿನ ಹೆದರಿಕೆ ಆದದ್ದು. ಹೊಸ ಚರ್ಮ ಸ್ವಲ್ಪ ನೇರಳೆ ಬಣ್ಣಕ್ಕೆ ತಿರುಗಿತು. ನರ್ಸ್ ಗಂಟೆಗೊಮ್ಮೆ ಬಂದು ಬೆರಳಲ್ಲಿ ಒತ್ತಿ, ಬಿಟ್ಟು, ಬಣ್ಣ ಎಷ್ಟು ಬೇಗ ವಾಪಸ್ ಬರುತ್ತೆ ಅಂತ ನೋಡ್ತಿದ್ದರು. ಬಿಳಿಚಿಕೊಂಡರೆ ರಕ್ತ ಬರ್ತಿಲ್ಲ ಅಂತ. ನೇರಳೆ ಆದರೆ ಬಂದ ರಕ್ತ ವಾಪಸ್ ಹೋಗ್ತಿಲ್ಲ ಅಂತ. ಹೀಗೆ ರಕ್ತ ಕಟ್ಟಿದಾಗ ಜಿಗಣೆ ಕಚ್ಚಿಸೋದೂ ಉಂಟು, ಇವತ್ತಿಗೂ, ದೊಡ್ಡ ದೊಡ್ಡ ಆಸ್ಪತ್ರೆಗಳಲ್ಲೂ. ಜಿಗಣೆಯ ಎಂಜಲು ರಕ್ತ ಹೆಪ್ಪುಗಟ್ಟೋಕೆ ಬಿಡಲ್ಲ, ಹೆಚ್ಚಾದ ರಕ್ತ ಹೊರಗೆ ಹೋಗ್ತಾ ಇರುತ್ತೆ. ಮಾವನಿಗೆ ಅಷ್ಟಕ್ಕೆ ಹೋಗಲಿಲ್ಲ. ಡಾಕ್ಟರ್ ಎರಡು ಹೊಲಿಗೆ ಬಿಚ್ಚಿದರು, ಮರುದಿನ ಬೆಳಿಗ್ಗೆ ಬಣ್ಣ ತಿಳಿಯಾಯ್ತು.

ಹಣೆಯ ಕಡೆ ಏನಾಯ್ತು ಅಂತ ಎಲ್ಲರೂ ಕೇಳ್ತಾರೆ. ಕೆಳಗಿನ ಭಾಗ ಎಳೆದು ಹೊಲಿದರು, ಉದ್ದಕ್ಕೆ ಒಂದು ಗೆರೆ. ಮೇಲ್ಗಡೆ ಅಗಲ ಇದ್ದ ಕಡೆ ಹೊಲಿಯೋಕೆ ಆಗಲಿಲ್ಲ, ಹಾಗೇ ಬಿಟ್ಟು ಡ್ರೆಸಿಂಗ್ ಮಾತ್ರ. ಅದು ತನ್ನಷ್ಟಕ್ಕೇ ಕೆಲವು ವಾರದಲ್ಲಿ ಕೂಡಿಕೊಂಡಿತು. ಇಲ್ಲಿ ಬೋಳುತಲೆ ಲಾಭ. ಹಣೆ ಚಿಕ್ಕದಿದ್ದರೆ ಫ್ಲ್ಯಾಪ್‌ನ ತುದಿ ಕೂದಲಿನ ಜಾಗಕ್ಕೆ ಹೋಗುತ್ತೆ, ಆಮೇಲೆ ಮೂಗಿನ ಮೇಲೆ ತಲೆಕೂದಲು ಬೆಳೆಯುತ್ತೆ. ತಮಾಷೆ ಅಲ್ಲ, ನಿಜ.

ಕಾರ್ಕಳದ ಮದುವೆ

ಹದಿನಾರನೇ ದಿನ ದೊಡ್ಡಮ್ಮನ ಮಗಳ ಮದುವೆ, ಕಾರ್ಕಳದಲ್ಲಿ. ಸೋದರಮಾವ ಇಲ್ಲದೆ ಮದುವೆ ಹೇಗೆ? ದಿನ ಮುಂದೆ ಹಾಕುವ ಅಂದರೆ ಹಾಲ್ ಬುಕ್ ಆಗಿದೆ. ಮಾವ "ನಾನು ಬರೋದಿಲ್ಲ" ಅಂತ ಕೂತುಬಿಟ್ಟರು. ಮಾಸ್ಕ್ ಹಾಕುವ ಅಂದರೆ ತೊಟ್ಟಿನ ಮೇಲೆ ಒತ್ತಡ ಬೀಳುತ್ತೆ, ಡಾಕ್ಟರ್ ಬೇಡ ಅಂದಿದ್ದಾರೆ. ಹಿಂದಿನ ರಾತ್ರಿ ಜಗಲಿಯಲ್ಲಿ ನನ್ನ ಹತ್ತಿರ ಹೇಳಿದರು: "ಪಂಚವಟಿ ಪ್ರಸಂಗ ಎಷ್ಟು ಸಲ ನೋಡಿದ್ದೇನೋ ಲೆಕ್ಕ ಇಲ್ಲ. ಶೂರ್ಪನಖಿಯ ಮೂಗು ಹೋಗುವಾಗ ನಾವೆಲ್ಲ ನಗಾಡಿದವರೇ. ಈಗ ನಾನು ಆ ಚೌಕಿಯಿಂದ ಹೊರಗೆ ಬರಬೇಕು."

ನಾನು ಏನೂ ಹೇಳಲಿಲ್ಲ. ಹೇಳೋಕೆ ಗೊತ್ತಾಗಲಿಲ್ಲ.

ಬೆಳಿಗ್ಗೆ ನೋಡಿದರೆ ಇಸ್ತ್ರಿ ಮಾಡಿದ ಪಂಚೆ ಉಟ್ಟು, ಅಂಗಿ ಹಾಕಿ, ಹೆಗಲಿಗೆ ಬೈರಾಸು ಹಾಕಿ ಕಾರಿನ ಹತ್ತಿರ ನಿಂತಿದ್ದಾರೆ. ಕಾರ್ಕಳ ಪೇಟೆ ಬರುವಾಗ ಗುಡ್ಡದ ಮೇಲೆ ಗೊಮ್ಮಟ ಕಂಡ. 1432ರಲ್ಲಿ ನಿಲ್ಲಿಸಿದ 42 ಅಡಿಯ ವಿಗ್ರಹ. ಕಲ್ಲಲ್ಲಿ ಕೆತ್ತುವವನಿಗೆ ತೆಗೆಯೋಕೆ ಮಾತ್ರ ಸಾಧ್ಯ, ಒಂದು ಪೆಟ್ಟು ತಪ್ಪಿದರೆ ಮೂಗನ್ನು ವಾಪಸ್ ತರೋಕೆ ಆಗಲ್ಲ ಅಂತ ಆವತ್ತು ಮೊದಲ ಸಲ ಅನ್ನಿಸಿತು. ಮಾವ ಮಾತ್ರ ಕಿಟಕಿಯ ಆಚೆ ನೋಡಲೇ ಇಲ್ಲ.

ಹಾಲ್‌ನಲ್ಲಿ ಮೊದಲ ಹತ್ತು ನಿಮಿಷ ಕಷ್ಟ ಇತ್ತು. ದೊಡ್ಡವರು ಎಲ್ಲರೂ ಮಾವನ ಕಿವಿಯ ಹತ್ತಿರ ಎಲ್ಲೋ ನೋಡ್ತಾ ಮಾತಾಡ್ತಿದ್ದರು. ಐದು ವರ್ಷದ ಒಂದು ಹುಡುಗಿ ಬಂದು ಎದುರು ನಿಂತು ಕೇಳಿದಳು, "ಅಜ್ಜ, ನಿಮಗೆ ಗಣಪತಿಯ ಸೊಂಡಿಲು ಬಂತಾ?" ಅವಳ ಅಮ್ಮ ಓಡಿ ಬಂದರು. ಮಾವ ಕೈ ಅಡ್ಡ ಹಿಡಿದು, "ಬರ್ತಾ ಉಂಟು ಮಗಾ, ಇನ್ನು ಒಂದು ವಾರದಲ್ಲಿ ಕತ್ತರಿಸ್ತಾರೆ. ಮುಟ್ಟಿ ನೋಡು ಬೇಕಾದರೆ" ಅಂದರು. ಅವಳು ಬೆರಳ ತುದಿಯಲ್ಲಿ ಮೂಗನ್ನು ಮುಟ್ಟಿದಳು. "ಈಗ ನೀನು ನನ್ನ ಹಣೆ ಮುಟ್ಟಿದೆ" ಅಂದರು ಮಾವ. ಅವಳು ನಂಬಲಿಲ್ಲ. ಆದರೆ ಅದು ನಿಜ. ತೊಟ್ಟಿನ ಜೊತೆ ಹಣೆಯ ನರವೂ ಬಂದಿರುತ್ತೆ, ಮೂಗು ಮುಟ್ಟಿದರೆ ಮಿದುಳಿಗೆ ಹಣೆಯ ವಿಳಾಸದಿಂದಲೇ ಕಾಗದ ಹೋಗುತ್ತೆ. ತೊಟ್ಟು ಕತ್ತರಿಸಿದ ಮೇಲೆ ಸ್ವಲ್ಪ ಕಾಲ ಮರಗಟ್ಟಿ, ಆಮೇಲೆ ನಿಧಾನವಾಗಿ ಸ್ಪರ್ಶ ಬರೋಕೆ ಶುರು ಆಯ್ತು. ಆವತ್ತು ಊಟದ ಹೊತ್ತಿಗೆ ಏಳೆಂಟು ಮಕ್ಕಳು ಮಾವನ ಸುತ್ತ ಕ್ಯೂ ನಿಂತಿದ್ದವು. ಧಾರೆಗೆ ಮಾವನೇ ನಿಂತರು. ಫೋಟೋದಲ್ಲೂ ಇದ್ದಾರೆ, ಮಧ್ಯದಲ್ಲೇ.

ದುಡ್ಡಿನ ವಿಷಯ ಬಿಟ್ಟರೆ ಬಿ.ಕಾಂ ಓದಿದ್ದು ದಂಡ. ಮಾವನ ಆರೋಗ್ಯ ವಿಮೆಯವರು ಮೊದಲು "ಪ್ಲಾಸ್ಟಿಕ್ ಸರ್ಜರಿಗೆ ಕವರ್ ಇಲ್ಲ" ಅಂತ ಮೇಲ್ ಕಳಿಸಿದರು. ಎಷ್ಟೋ ಮಂದಿ ಇಲ್ಲೇ ಕೈಬಿಡ್ತಾರೆ. ಪಾಲಿಸಿಯ ಕಾಗದ ತೆಗೆದು ಎಕ್ಸ್‌ಕ್ಲೂಷನ್ 08 ಅನ್ನೋ ಕೋಡ್ ಹುಡುಕಿ. ಅದು ಐಆರ್‌ಡಿಎಐ ಕೊಟ್ಟಿರೋ ವಾಕ್ಯ, ಹಾಗಾಗಿ ಕಂಪನಿ ಬೇರೆಯಾದರೂ ಪದ ಅದೇ ಇರುತ್ತೆ. ಚಂದ ಕಾಣೋಕೆ ಮಾಡಿಸಿದರೆ ಇಲ್ಲ. ಆದರೆ ಅಪಘಾತ, ಸುಟ್ಟಗಾಯ ಅಥವಾ ಕ್ಯಾನ್ಸರ್ ಆದ ಮೇಲೆ ಅಂಗವನ್ನು ಮತ್ತೆ ಕಟ್ಟೋ ಸರ್ಜರಿಗೆ ಆ ನಿಷೇಧ ಅನ್ವಯಿಸಲ್ಲ ಅಂತ ಅದರಲ್ಲೇ ಬರೆದಿದೆ. ವೈದ್ಯಕೀಯವಾಗಿ ಅಗತ್ಯ ಅಂತ ಚಿಕಿತ್ಸೆ ಕೊಟ್ಟ ಡಾಕ್ಟರ್ ಪ್ರಮಾಣಪತ್ರ ಬೇಕು. ಪತ್ರದಲ್ಲಿ ಕ್ಯಾನ್ಸರ್‌ನ ಹೆಸರು, ಲ್ಯಾಬ್ ರಿಪೋರ್ಟಿನ ತಾರೀಕು, ರೀಕನ್‌ಸ್ಟ್ರಕ್ಷನ್ ಅನ್ನೋ ಪದ ಮೂರೂ ಇರಲಿ. ಎರಡನೇ ಹಂತದ ಆಪರೇಷನ್ ಬೇರೆ ದಿನ ಇರೋದರಿಂದ ಅದೂ ಇದೇ ಚಿಕಿತ್ಸೆಯ ಮುಂದುವರಿಕೆ ಅಂತ ಮೊದಲೇ ಬರೆಸಿಕೊಳ್ಳಿ. ನಾವು ಹೀಗೆ ಬರೆದು ಕಳಿಸಿದ ಮೇಲೆ ಮಂಜೂರಾಯ್ತು. ಬಿಪಿಎಲ್ ಕಾರ್ಡ್ ಇದ್ದವರು ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದ ಕೌಂಟರ್‌ನಲ್ಲಿ ಅಡ್ಮಿಟ್ ಆಗೋ ಮೊದಲೇ ಕೇಳಿ, ಆದ ಮೇಲೆ ಅಲ್ಲ.

ಮತ್ತೆ, ಮೂಗು, ಕೆನ್ನೆ, ಕಿವಿಯ ಮೇಲೆ ಒಂದು ತಿಂಗಳಾದರೂ ವಾಸಿಯಾಗದ ಹುಣ್ಣು, ಹೆಕ್ಕಳೆ ಕಟ್ಟಿ ಉದುರಿ ಮತ್ತೆ ರಕ್ತ ಬರೋ ಮಚ್ಚೆ ಇದ್ದರೆ ಚರ್ಮದ ಡಾಕ್ಟರಿಗೆ ತೋರಿಸಿ. ನಿಮಗೆ ಇರಲಿಕ್ಕಿಲ್ಲ, ಕೇಳೋರೆಲ್ಲ ಇಪ್ಪತ್ತರ ಆಸುಪಾಸಿನವರು. ಮನೆಗೆ ಹೋದಾಗ ಅಜ್ಜ, ಅಜ್ಜಿ, ಮಾವನ ಮುಖ ಸರಿಯಾಗಿ ನೋಡಿ. ಮಾವನದ್ದು ಆರಂಭದಲ್ಲೇ ತೆಗೆದಿದ್ದರೆ ಎರಡು ಎಸಳಿನ ಚಿಕ್ಕ ಫ್ಲ್ಯಾಪ್‌ನಲ್ಲಿ ಮುಗಿತಿತ್ತು. ಇದನ್ನು ಡಾಕ್ಟರ್ ಹೇಳಿದ್ದು, ಮಾವ ಇಲ್ಲದಿರುವಾಗ.

ಈಗ ಎಂಟು ತಿಂಗಳು. ಹಣೆಯಲ್ಲಿ ಒಂದು ತೆಳು ಗೆರೆ ಉಂಟು, ಕುಂಕುಮ ಇಟ್ಟರೆ ನಾಮದ ಹಾಗೆ ಕಾಣುತ್ತೆ. ಎಡ ಹೊಳ್ಳೆ ಬಲಕ್ಕಿಂತ ಒಂಚೂರು ದಪ್ಪ. ಬೇಕಾದರೆ ತೆಳು ಮಾಡಬಹುದು ಅಂದಿದ್ದಾರೆ ಡಾಕ್ಟರ್, ಮಾವ ಬೇಡ ಅಂದಿದ್ದಾರೆ. ಬೀಡಿ ಇಲ್ಲ, ಅತ್ತೆ ಲೆಕ್ಕ ಇಟ್ಟಿದ್ದಾರೆ. ಆರು ತಿಂಗಳಿಗೊಮ್ಮೆ ಚೆಕಪ್ ಉಂಟು, ಬಿಸಿಲಿಗೆ ಹೋಗುವಾಗ ಟೋಪಿ ಕಡ್ಡಾಯ. ಪೇಪರ್ ತಾನೇ ಓದ್ತಾರೆ. ಕನ್ನಡಕ ಮೊದಲಿಗಿಂತ ಸ್ವಲ್ಪ ಎಡಕ್ಕೆ ವಾಲುತ್ತೆ ಅಂತ ದಿನಾ ತಕರಾರು. ನಿನ್ನೆ ಫೋನ್ ಮಾಡಿ ಉಡುಪಿಯ ಆಪ್ಟಿಕಲ್ ಅಂಗಡಿಗೆ ಬರೋಕೆ ಹೇಳಿದ್ದಾರೆ, ಶನಿವಾರ ಹೋಗಬೇಕು. ಹಾಗಾಗಿ ಮುಂದಿನ ಸಂಚಿಕೆ ಒಂದು ದಿನ ತಡ, ಭಾನುವಾರ ಸಂಜೆ.